ಕಾಲಿಗೆ 35, ಕೈಗೆ 12: ಹಳದಿ ಕಾರ್ಡು ಬಂದ ಬಗೆ

ಅಂಗವಿಕಲರ ಸಂಬಳ, ಅಂದರೆ ಸರ್ಕಾರದ ಮಾಸಾಶನ, ನಿನಗೆ ಬರಲ್ಲ ಬಿಡು ಅಂತ ಊರಲ್ಲಿ ಹೇಳದವರೇ ಇರಲಿಲ್ಲ. ಈಗ ತಿಂಗಳಿಗೆ 800 ರೂಪಾಯಿ ಬರುತ್ತಿದೆ. ಅದೇ ಜನ ಮನೆಗೆ ಬಂದು ಹೇಗೆ ಮಾಡಿದೆ ಮಾರಾಯ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯ ಕೊನೆಗಾರ, ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಮರದಿಂದ ಬಿದ್ದೆ. ಸೊಂಟದ ಹತ್ತಿರ ನರಕ್ಕೆ ಪೆಟ್ಟಾಯಿತು. ಬಲ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತು. ಬಲಗಾಲಿನ ಪಾದ ಮೇಲೆತ್ತಲು ಬರಲ್ಲ, ನಡೆಯುವಾಗ ಚಪ್ಪಲಿ ತಾನೇ ಕಳಚಿ ಹಿಂದೆ ಉಳಿಯುತ್ತದೆ. ಮುಷ್ಟಿ ಕಟ್ಟಿದರೆ ಎರಡು ಬೆರಳು ಹೊರಗೇ ನಿಲ್ಲುತ್ತವೆ.

ಮೊದಲು ಹೋದದ್ದು ಅಂಗವಿಕಲತೆ ಎಷ್ಟು ಪರ್ಸೆಂಟು ಅಂತ ಅಳೆಯುವ ಒಂದು ಕ್ಯಾಂಪಿಗೆ. "ಮರ ಹತ್ತಕ್ಕಾಗಲ್ಲ ಸಾರ್, ದುಡಿಮೆ ನಿಂತೋಯ್ತು" ಅಂದೆ. ಡಾಕ್ಟರು ಕಾಲು ನೋಡಿ 35 ಬರೆದರು, ಮುಂದಿನವರನ್ನು ಕರೆದರು. ಬಂದದ್ದು ಬಿಳಿ ಕಾರ್ಡು, 40 ಪರ್ಸೆಂಟಿನ ಕೆಳಗಿನವರಿಗೆ ಕೊಡುವ ಅಂಗವಿಕಲರ ಗುರುತಿನ ಚೀಟಿ. 40 ಮುಟ್ಟಿದರೆ ಹಳದಿ. 40 ಮುಟ್ಟದಿದ್ದರೆ ಸಂಬಳ ಇಲ್ಲ, ಗೊತ್ತಲ್ವಾ. ನೀವು ಏನು ಕೆಲಸ ಮಾಡುತ್ತಿದ್ದಿರಿ ಅನ್ನೋದಕ್ಕೆ ಅಲ್ಲಿ ಒಂದು ಪರ್ಸೆಂಟೂ ಇಲ್ಲ. ಕೀಲು ಎಷ್ಟು ಮಡಚುತ್ತದೆ, ಎಷ್ಟು ಬಲ ಉಳಿದಿದೆ, ಅಷ್ಟೇ ಲೆಕ್ಕ. ಕೊನೆಗಾರನಿಗೂ ಅದೇ, ಅಂಗಡಿಯಲ್ಲಿ ಕೂರುವವನಿಗೂ ಅದೇ.

ಪೇಟೆಯ ಬ್ರೋಕರೊಬ್ಬ ಎಂಟು ಸಾವಿರ ಕೊಡು, 75 ದಾಟಿಸಿ 1,400 ಬರುವ ಹಾಗೆ ಮಾಡ್ತೀನಿ ಅಂದ. ಅವನಿಗೆ ಕೊಟ್ಟ ಪಕ್ಕದೂರಿನವರದ್ದು ದುಡ್ಡೂ ಹೋಯಿತು, ಕಾರ್ಡೂ ಬರಲಿಲ್ಲ.

ನಾನು ಕೈಯನ್ನೂ ಸೇರಿಸಿ ಮತ್ತೆ ಅಳತೆ ಮಾಡಿಸ್ತೀನಿ ಅಂತ ಹೊರಟೆ. ಮುರಿದು ಕೂಡಿದ ಕೈಗೆ ಯಾರು ಕೊಡ್ತಾರೆ ಅಂತ ನಕ್ಕರು. ದುಡ್ಡು ಕೊಟ್ಟು ನರದ ಪರೀಕ್ಷೆ ಮಾಡಿಸಿದೆ, ಎರಡೂವರೆ ಸಾವಿರದ ಆಸುಪಾಸು. ಹಳೆ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡೂ ಇಟ್ಟುಕೊಂಡೆ. ಶಿವಮೊಗ್ಗದಲ್ಲಿ ಮೂಳೆ ಡಾಕ್ಟರ ಮುಂದೆ ದುಡಿಮೆಯ ಮಾತೇ ಎತ್ತಲಿಲ್ಲ. ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದೆ. ಮುಷ್ಟಿ ಕಟ್ಟಿ ತೋರಿಸಿದೆ. ಅವರು ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಮಣಿಕಟ್ಟಿಗೆ ಹಿಡಿದು, ಎರಡು ಸಲ ಓದಿ, ಕೈಗೆ 12 ಹಾಕಿದರು.

ಸುಮ್ನೆ ಕೂಡಿಸಿದರೆ 47 ಆಗಬೇಕು. ಸರ್ಕಾರದ ಲೆಕ್ಕ ಬೇರೆ. 90ರಲ್ಲಿ ದೊಡ್ಡ ಅಂಕ ಕಳೆಯಬೇಕು. ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ 90ರಿಂದ ಭಾಗಿಸಬೇಕು. ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ನನ್ನದು 90ರಲ್ಲಿ 35 ಕಳೆದರೆ 55, ಅದನ್ನು 12ರಿಂದ ಗುಣಿಸಿ 660, ಭಾಗಿಸಿದರೆ ಏಳು ಚಿಲ್ಲರೆ. ಒಟ್ಟು 42. ಹಳದಿ ಕಾರ್ಡು! ಹತ್ತನೇ ಕ್ಲಾಸು ದಾಟದವನು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡು ಹೋಗಿದ್ದೆ. ಮರುಅಳತೆಗೆ ಅರ್ಜಿಯಲ್ಲಿ ಏನು ಬರೆದೆ, ಯಾವ ವಾರ ಹೋದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಮನೆಗೆ ಬಂದವರಿಗೆ ಹೇಳುತ್ತೇನೆ.

ನಾಡಕಚೇರಿ ಕೆಲಸ ನಿಮಗೆ ಗೊತ್ತಿದ್ದದ್ದೇ. ವರ್ಷದ ಆದಾಯ 32,000ದ ಒಳಗಿರಬೇಕು, ಗ್ರಾಮ ಆಡಳಿತ ಅಧಿಕಾರಿ (ವಿಎ) ಬಂದು ಮನೆ ನೋಡಿ ಹೋದರು. ಮಂಜೂರಾತಿ ಪತ್ರ ಬಂತು, ದುಡ್ಡು ಬರಲಿಲ್ಲ. ಬ್ಯಾಂಕಿಗೆ ಅಲೆದದ್ದೇ ಅಲೆದದ್ದು. ಕೊನೆಗೆ ನೋಡಿದರೆ ಆಧಾರ್ ಜೋಡಣೆಯಾಗಿದ್ದು ಅಂಚೆ ಕಚೇರಿ ಖಾತೆಗೆ, ಮೂರ್ನಾಲ್ಕು ತಿಂಗಳಿನದು ಅಲ್ಲಿ ಸುಮ್ನೆ ಕೂತಿತ್ತು.

ಬಸ್ಸು, ಸೈಬರು, ಜೊತೆಗೆ ಬರುತ್ತಿದ್ದ ಹೆಂಡತಿಯ ಕೂಲಿ, ಎಲ್ಲ ಸೇರಿ ಐದಾರು ಸಾವಿರ ಖರ್ಚಾಗಿರಬಹುದು. ಆರೇಳು ತಿಂಗಳ ಸಂಬಳಕ್ಕೆ ಸಮ. ಮರ ಹತ್ತುವಾಗ ಅಷ್ಟು ದುಡ್ಡು ವಾರದಲ್ಲಿ ಎಣಿಸುತ್ತಿದ್ದೆ, ಅದು ಬೇರೆ ಮಾತು.

ನಡುವೆ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಮೆಷಿನ್ ಕೂಡ ನೋಡಿದೆ. ಪೆಡಲ್ ಒತ್ತಲು ಬಲಗಾಲೇ ಬೇಕು, ಎಡಗಾಲಲ್ಲಿ ಒತ್ತಿ ಸೊಂಟ ಹಿಡಿಯಿತು, ಬಿಟ್ಟೆ. ನರೇಗಾದಲ್ಲಿ ನಮ್ಮಂಥವರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಅಂತ ಇತ್ತು. ಗುದ್ದಲಿ ಹಿಡಿಯಲಾಗದೆ ನೀರು ಕೊಡುವ ಕೆಲಸ ಕೇಳಿ ಪಡೆದೆ. ಲಾಭ ಆದದ್ದು ಬಸ್ ಪಾಸು. ವರ್ಷಕ್ಕೆ 660 ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್. ನನಗೆ ಶಿವಮೊಗ್ಗ ಅದರೊಳಗೇ ಬರುತ್ತದೆ.

ಮೊನ್ನೆ ಇನ್ನೊಬ್ಬ ಕೊನೆಗಾರ ಬಂದಿದ್ದ. ಕಾಲಿಗೆ 30, ಕೈಗೆ 10. ಕೂತಲ್ಲೇ ಲೆಕ್ಕ ಹಾಕಿದೆ, 37ಕ್ಕೆ ನಿಂತಿತು. ಹೀಗೇ ಹೋದರೆ ಆಗಲ್ಲ, ಮೊದಲು ನರದ ಪರೀಕ್ಷೆ ಮಾಡಿಸಿಕೊಂಡು ಬಾ ಅಂದಿದ್ದೇನೆ.