ಮಗುವನ್ನು ಎಲ್ಲಿ ಬಿಡುವುದು: ಫ್ಯಾಮಿಲಿ ಡೇ ಕೇರೋ, ಚೈಲ್ಡ್ ಕೇರ್ ಸೆಂಟರೋ? (ಮೆಲ್ಬೋರ್ನ್‌ಗೆ ಹೊಸದಾಗಿ ಬಂದವರಿಗೆ)

ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಂತು "ಮಗೂನ ಎಲ್ಲಿ ಬಿಡ್ತೀರಿ?" ಅಂತ ಕೇಳಿ ನೋಡಿ. ಅರ್ಧ ಜನ "ಸೆಂಟರೇ ಸರಿ, ಎಲ್ಲಾ ರೂಲ್ಸ್ ಪ್ರಕಾರ ನಡೆಯುತ್ತೆ" ಅಂತಾರೆ. ಇನ್ನರ್ಧ ಜನ "ಅಯ್ಯೋ, ಎಳೇ ಮಗು, ಮನೆ ವಾತಾವರಣ ಬೇಕು" ಅಂತಾರೆ. ಇಬ್ಬರೂ ತಮ್ಮ ಮಗು ಹೋದ ಜಾಗವನ್ನೇ ಹೊಗಳುತ್ತಿರುತ್ತಾರೆ. ನೀವು ನೋಡಬೇಕಾದ್ದು ನಾಲ್ಕು ಸಂಗತಿ: ನಿಮ್ಮ ಕೆಲಸದ ಹೊತ್ತು, ನಿಮ್ಮ ವೀಸಾ, ಮಗುವಿನ ವಯಸ್ಸು, ದಿನವಿಡೀ ಅದರ ಜೊತೆ ಇರುವವರು ಯಾರು. ಹೊಸ ಕಟ್ಟಡ ನೋಡಿ ಮರುಳಾಗಬೇಡಿ. ಕನ್ನಡ ಕಿವಿಗೆ ಬಿತ್ತು ಅಂತಲೂ ಮರುಳಾಗಬೇಡಿ. ಇಲ್ಲಿ ಬರೆದಿರುವುದು ನಮ್ಮ ವಿಕ್ಟೋರಿಯಾ ರಾಜ್ಯದ ಲೆಕ್ಕ; ಸಿಡ್ನಿ, ಬ್ರಿಸ್ಬೇನ್ ಕಡೆ ಕೆಲವು ನಿಯಮ ಬೇರೆ.

ಎರಡಕ್ಕೂ ಇರುವ ವ್ಯತ್ಯಾಸ

ಸೆಂಟರ್ ನಿಮಗೆ ಗೊತ್ತಿರುವಂಥದ್ದೇ. ವಯಸ್ಸಿಗೊಂದು ಕೋಣೆ, ಪಾಳಿಯಲ್ಲಿ ಬರುವ ಎಜುಕೇಟರ್‌ಗಳು (ಮಕ್ಕಳನ್ನು ನೋಡಿಕೊಂಡು ಕಲಿಸುವವರು), ಸಾಮಾನ್ಯವಾಗಿ ಬೆಳಿಗ್ಗೆ ಆರೂವರೆಯಿಂದ ಸಂಜೆ ಆರೂವರೆ. ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು, ಅದಕ್ಕಿಂತ ದೊಡ್ಡ ಹನ್ನೊಂದು ಮಕ್ಕಳಿಗೆ ಒಬ್ಬರು ಇರಲೇಬೇಕು.

ಫ್ಯಾಮಿಲಿ ಡೇ ಕೇರ್ ಅಂದರೆ ಒಬ್ಬ ಎಜುಕೇಟರ್ ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವುದು. ಒಟ್ಟು ಏಳು ಮಕ್ಕಳನ್ನು ಮೀರುವಂತಿಲ್ಲ, ಅದರಲ್ಲಿ ಇನ್ನೂ ಶಾಲೆಗೆ ಸೇರದ ಮಕ್ಕಳು ನಾಲ್ಕೇ. ಅವರದೇ ಹದಿಮೂರು ವರ್ಷದೊಳಗಿನ ಮಕ್ಕಳು ಮನೆಯಲ್ಲಿದ್ದರೆ ಅವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಎಜುಕೇಟರ್ ಕನಿಷ್ಠ ಸರ್ಟಿಫಿಕೇಟ್ ತ್ರೀ (ಮಕ್ಕಳ ಆರೈಕೆಯ ವೃತ್ತಿ ಕೋರ್ಸ್) ಓದಿರಬೇಕು. ಮನೆಯಲ್ಲಿರುವ ಇತರ ವಯಸ್ಕರ, ಅಂದರೆ ಗಂಡ, ಮಾವ, ಬಾಡಿಗೆಗಿರುವ ಹುಡುಗನ ಪೂರ್ವಾಪರವನ್ನೂ ಪರಿಶೀಲಿಸಿರಬೇಕು. ಅವರು ಒಂಟಿಯಾಗಿ ನಡೆಸುವ ವ್ಯವಹಾರವಲ್ಲ ಇದು. ಮಾನ್ಯತೆ ಪಡೆದ ಒಂದು ಸಂಸ್ಥೆಯ, ಅಂದರೆ 'ಸರ್ವೀಸ್' ಅಡಿಯಲ್ಲಿ ನೋಂದಾಯಿಸಿಕೊಂಡಿರುತ್ತಾರೆ, ಅಲ್ಲಿಂದ ಕೋಆರ್ಡಿನೇಟರ್ ಬಂದು ನೋಡಿ ಹೋಗುತ್ತಿರುತ್ತಾರೆ.

2012ರಿಂದ ಎರಡಕ್ಕೂ ಒಂದೇ ರಾಷ್ಟ್ರೀಯ ಗುಣಮಟ್ಟದ ಚೌಕಟ್ಟು. ಸರ್ಕಾರದ 'ಸ್ಟಾರ್ಟಿಂಗ್ ಬ್ಲಾಕ್ಸ್' ಜಾಲತಾಣದಲ್ಲಿ ಹೆಸರು ಹಾಕಿದರೆ ರೇಟಿಂಗ್ ಸಿಗುತ್ತದೆ: 'ವರ್ಕಿಂಗ್ ಟುವರ್ಡ್ಸ್' (ಇನ್ನೂ ಮಟ್ಟ ಮುಟ್ಟಿಲ್ಲ), 'ಮೀಟಿಂಗ್' (ಮುಟ್ಟಿದೆ), 'ಎಕ್ಸೀಡಿಂಗ್' (ಮೀರಿದೆ) ಇತ್ಯಾದಿ. ಒಂದು ಮಾತು ಗಮನಿಸಿ. ಸೆಂಟರ್‌ನ ರೇಟಿಂಗ್ ಆ ಸೆಂಟರ್‌ನದ್ದೇ. ಫ್ಯಾಮಿಲಿ ಡೇ ಕೇರ್‌ನ ರೇಟಿಂಗ್ ಇಡೀ ಸರ್ವೀಸ್‌ನದ್ದು, ನಿಮ್ಮ ಮಗು ಹೋಗುವ ಆ ಮನೆಯದ್ದಲ್ಲ. ಆದ್ದರಿಂದ ಮನೆ ನೋಡದೆ 'ಎಕ್ಸೀಡಿಂಗ್' ಅಂತ ಸೇರಿಸಬೇಡಿ.

'ಆಂಟಿ ಮನೆ'ಯೇ ಫ್ಯಾಮಿಲಿ ಡೇ ಕೇರ್ ಅಲ್ಲ

ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಟಾರ್ನೀಟ್, ಪಾಯಿಂಟ್ ಕುಕ್, ಕ್ಲೈಡ್ ನಾರ್ತ್ ಕಡೆ ನಮ್ಮವರು ಹೆಚ್ಚಿದಂತೆ "ಮನೇಲೇ ಮಕ್ಕಳನ್ನ ನೋಡ್ಕೋತೀವಿ, ಬಿಸಿ ಅನ್ನ ಸಾರು ಹಾಕ್ತೀವಿ, ದಿನಕ್ಕೆ ಇಷ್ಟು ಕ್ಯಾಶ್" ಅನ್ನುವವರೂ ಹೆಚ್ಚಿದ್ದಾರೆ. ಅವರಲ್ಲಿ ಬಹಳ ಜನ ಒಳ್ಳೆಯವರೇ. ಆದರೆ ಆ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸುವವರಿಲ್ಲ, ಈಜುಕೊಳದ ಬೇಲಿ ನೋಡುವವರಿಲ್ಲ, ಮಗು ಬಿದ್ದು ತಲೆ ಒಡೆದರೆ ವಿಮೆಯೂ ಇಲ್ಲ. ಫೀಗೆ ಸರ್ಕಾರ ಕೊಡುವ ಸಬ್ಸಿಡಿ ಅಂತೂ ಖಂಡಿತ ಇಲ್ಲ. ನಮ್ಮೂರಲ್ಲಿ ಪಕ್ಕದ ಮನೆಯವರ ಹತ್ತಿರ ಬಿಟ್ಟು ಹೋಗುತ್ತಿದ್ದೆವು, ನಿಜ. ಅಲ್ಲಿ ಎದುರು ಮನೆ, ಹಿಂದಿನ ಮನೆ, ಅಂಗಡಿಯವರು, ಎಲ್ಲರ ಕಣ್ಣೂ ಆ ಮಗುವಿನ ಮೇಲೆ ಇರುತ್ತಿತ್ತು. ಇಲ್ಲಿ ಬಾಗಿಲು ಹಾಕಿದರೆ ಮುಗಿಯಿತು, ಪಕ್ಕದವರಿಗೆ ಒಳಗೆ ಮಗುವಿದೆ ಅನ್ನುವುದೂ ತಿಳಿಯುವುದಿಲ್ಲ.

ಹಾಗಾಗಿ ಯಾರನ್ನಾದರೂ ಕೇಳುವಾಗ ಮೊದಲ ಪ್ರಶ್ನೆ ಇದೇ ಇರಲಿ: "ನೀವು ಯಾವ ಸರ್ವೀಸ್ ಅಡಿಯಲ್ಲಿ ಇದ್ದೀರಿ ಮೇಡಂ?" ಹೆಸರು ಹೇಳಿದರೆ ಆ ಸರ್ವೀಸ್‌ನ ಆಫೀಸಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ನಿಜವಾದ ಎಜುಕೇಟರ್ ಯಾರೂ ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಇನ್ನೊಂದು ಗುರುತು, ದುಡ್ಡು ಕಟ್ಟುವ ರೀತಿ. 2023ರ ಜುಲೈಯಿಂದ ಸಬ್ಸಿಡಿ ಕಳೆದು ಉಳಿದ ಗ್ಯಾಪ್ ಫೀಯನ್ನು ಬ್ಯಾಂಕ್ ಅಥವಾ ಕಾರ್ಡ್ ಮೂಲಕವೇ ಕಟ್ಟಬೇಕು. "ಕ್ಯಾಶ್ ಕೊಟ್ಟರೆ ಕಡಿಮೆ ಮಾಡ್ತೀನಿ" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇನ್ನೂ ಅಪಾಯದ ಮಾತು: "ನೀವು ಮೂರು ದಿನ ಕಳಿಸಿ, ಐದು ದಿನ ಅಂತ ಹಾಕೋಣ, ನಿಮಗೂ ಲಾಭ ನನಗೂ ಲಾಭ." ಬಾರದ ದಿನಕ್ಕೆ ಬಂದಂತೆ ಸಹಿ ಹಾಕಿದರೆ ಅದು ಸರ್ಕಾರಕ್ಕೆ ಮಾಡುವ ಮೋಸ. ಸಾಲವಾಗಿ ಹಿಂದೆ ಕಟ್ಟಬೇಕಾಗುತ್ತದೆ, ಕೇಸೂ ಆಗಬಹುದು. ನಮ್ಮ ಊರಿನವರು, ನಮ್ಮ ಪೈಕಿಯವರು ಅನ್ನುವ ದಾಕ್ಷಿಣ್ಯಕ್ಕೆ ಸಹಿ ಹಾಕಬೇಡಿ. ಕನ್ನಡಿಗರಿಗೆ ಈ ಊರಿನಲ್ಲಿ ಒಳ್ಳೆಯ ಹೆಸರಿದೆ, ಉಳಿಸಿಕೊಳ್ಳೋಣ.

ದುಡ್ಡಿನ ಲೆಕ್ಕ

ಮೊದಲು ವೀಸಾ. ಪಿಆರ್ (ಕಾಯಂ ವಾಸದ ವೀಸಾ) ಅಥವಾ ಪೌರತ್ವ ಇದ್ದವರಿಗೆ ಚೈಲ್ಡ್ ಕೇರ್ ಸಬ್ಸಿಡಿ ಬಂದ ದಿನದಿಂದಲೇ ಸಿಗುತ್ತದೆ, ಕಾಯುವ ಅವಧಿ ಇಲ್ಲ. ವರ್ಕ್ ವೀಸಾ, ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ; ಪೂರ್ತಿ ಫೀ ನಿಮ್ಮದೇ. ಸಂಬಳದ ಮಾತುಕತೆಗೆ ಮುಂಚೆ ಇದನ್ನು ತಿಳಿದುಕೊಂಡು ಬಂದವರು ಪುಣ್ಯವಂತರು.

ಉದಾಹರಣೆಗೆ ಗಂಡಹೆಂಡತಿ ಇಬ್ಬರ ವರಮಾನ ಸೇರಿ ಸುಮಾರು 1,85,000 ಡಾಲರ್ ಅಂದುಕೊಳ್ಳಿ. ಸಬ್ಸಿಡಿ ಹತ್ತಿರ ಹತ್ತಿರ ಶೇ. 70. ಸೆಂಟರ್ ಹತ್ತು ಗಂಟೆಯ ಸೆಷನ್‌ಗೆ 150 ಡಾಲರ್ ಹಾಕಿದರೆ ಗಂಟೆಗೆ 15 ಆಯಿತು. ಆದರೆ ಸರ್ಕಾರ ಒಪ್ಪುವ ಮಿತಿ 2025–26ರಲ್ಲಿ ಸೆಂಟರ್‌ಗೆ ಗಂಟೆಗೆ 14.63 ಡಾಲರ್. ನಿಮ್ಮ ಶೇ. 70 ಆ ಮಿತಿಯ ಮೇಲೆ. ಅದರಲ್ಲೂ ಶೇ. 5ರಷ್ಟನ್ನು ವರ್ಷಾಂತ್ಯದ ಲೆಕ್ಕ ಮುಗಿಯುವ ತನಕ ಹಿಡಿದಿಡುತ್ತಾರೆ. ನಿಮ್ಮ ಕೈಯಿಂದ ದಿನಕ್ಕೆ ಸುಮಾರು 53 ಡಾಲರ್ ಹೋಗುತ್ತದೆ. ಸೆಂಟರ್‌ನಲ್ಲಿ ಮಗುವನ್ನು ಮಧ್ಯಾಹ್ನ ಎರಡಕ್ಕೇ ಕರೆತಂದರೂ ಅಷ್ಟೇ.

ಫ್ಯಾಮಿಲಿ ಡೇ ಕೇರ್‌ನಲ್ಲಿ ಮಿತಿ 13.56. ಎಜುಕೇಟರ್ ಗಂಟೆಗೆ 13 ತೆಗೆದುಕೊಂಡು, ನೀವು ಏಳು ಗಂಟೆ ಮಾತ್ರ ಬುಕ್ ಮಾಡಿದರೆ ಕೈಯಿಂದ ಹೋಗುವುದು 30 ಡಾಲರ್ ಆಸುಪಾಸು. ಪಾರ್ಟ್ ಟೈಮ್ ಕೆಲಸದವರಿಗೆ, ಆಸ್ಪತ್ರೆ ಪಾಳಿಯವರಿಗೆ ಇದು ಅನುಕೂಲ. ಕೆಲವರು ಬೆಳಿಗ್ಗೆ ಆರಕ್ಕೂ, ರಾತ್ರಿಗೂ ಒಪ್ಪುತ್ತಾರೆ. ಕನಿಷ್ಠ ಗಂಟೆ ಎಷ್ಟು, ಸರ್ವೀಸ್‌ನ ವಾರದ ಶುಲ್ಕ ಎಷ್ಟು ಅಂತ ಮಾತ್ರ ಕೇಳಿಕೊಳ್ಳಿ. ಎಜುಕೇಟರ್‌ಗೆ ಜ್ವರ ಬಂದರೆ ಆ ದಿನ ಬಾಗಿಲು ಬಂದ್ ಅನ್ನುವುದನ್ನೂ ಮರೆಯಬೇಡಿ. ಬದಲಿ ಎಜುಕೇಟರ್ ಸಿಗುತ್ತಾರಾ ಅಂತ ಸೇರಿಸುವ ಮೊದಲೇ ಕೇಳಿ.

2026ರ ಜನವರಿ 5ರಿಂದ ಸಬ್ಸಿಡಿಗೆ ಅರ್ಹರಾದ ಎಲ್ಲರಿಗೂ, ಕೆಲಸ ಇರಲಿ ಇಲ್ಲದಿರಲಿ, ಎರಡು ವಾರಕ್ಕೆ ಕನಿಷ್ಠ 72 ಗಂಟೆಯ ಸಬ್ಸಿಡಿ ಸಿಗುತ್ತದೆ. ಕೆಲಸ ಹುಡುಕುತ್ತಿರುವ ತಾಯಂದಿರೇ, ಇದು ನಿಮಗೂ ಅನ್ವಯ. ಸೆಂಟರ್ ಹನ್ನೆರಡು ಗಂಟೆಯ ಸೆಷನ್ ಹಾಕಿದರೆ 72 ಗಂಟೆ ಆರೇ ದಿನಕ್ಕೆ ಮುಗಿಯುತ್ತದೆ. ಹತ್ತು ಗಂಟೆಯದ್ದು ಇದೆಯಾ ಅಂತ ಕೇಳಿ.

ಸಬ್ಸಿಡಿಯ ಅರ್ಜಿ ಮೈಗವ್‌ನಲ್ಲಿ (ಸರ್ಕಾರಿ ಸೇವೆಗಳ ಜಾಲತಾಣ). ಮಗುವನ್ನು ಸೇರಿಸಿದ ಮೇಲೆ ಮೈಗವ್‌ನಲ್ಲೇ 'ಕನ್ಫರ್ಮ್ ಎನ್‌ರೋಲ್‌ಮೆಂಟ್' ಒತ್ತಬೇಕು. ಒತ್ತದಿದ್ದರೆ ಪೂರ್ತಿ ಫೀಯ ಬಿಲ್ಲು ಬರುತ್ತಲೇ ಇರುತ್ತದೆ, ಸೆಂಟರ್‌ನವರು "ಸೆಂಟರ್‌ಲಿಂಕ್ ಕೇಳಿ" ಅಂತಾರೆ, ಸೆಂಟರ್‌ಲಿಂಕ್‌ನವರು (ಸಬ್ಸಿಡಿ ನೋಡಿಕೊಳ್ಳುವ ಸರ್ಕಾರಿ ಕಚೇರಿ) "ಸೆಂಟರ್ ಕೇಳಿ" ಅಂತಾರೆ. ಅರ್ಜಿ ತಡವಾದರೆ ಹಿಂದಿನ 28 ದಿನಕ್ಕೆ ಮಾತ್ರ ಸಿಗುತ್ತದೆ.

ಊರಿಗೆ ಹೋಗುವವರಿಗೆ: ಆರ್ಥಿಕ ವರ್ಷಕ್ಕೆ 42 ಗೈರುಹಾಜರಿ ದಿನಗಳಿಗೆ ಸಬ್ಸಿಡಿ ಇದೆ, ಆದರೆ ಗ್ಯಾಪ್ ಫೀ ಕಟ್ಟುತ್ತಲೇ ಇರಬೇಕು. ಆರು ವಾರ ಮೀರಿ ಹೊರದೇಶದಲ್ಲಿದ್ದರೆ ಸಬ್ಸಿಡಿ ನಿಲ್ಲುತ್ತದೆ. ಜಾಗ ಬಿಡುವುದಾದರೆ ನೋಟಿಸ್ ಕೊಡಿ, ಸಾಮಾನ್ಯವಾಗಿ ಎರಡು ವಾರ. ನೋಟಿಸಿನ ಕೊನೆಯ ದಿನ ಮಗುವನ್ನು ತಪ್ಪದೆ ಕಳಿಸಿ, ಇಲ್ಲವಾದರೆ ಆ ದಿನಗಳಿಗೆ ಪೂರ್ತಿ ಫೀ ಬೀಳಬಹುದು.

ಲಸಿಕೆ

ಊರಿನ ಲಸಿಕೆ ಪುಸ್ತಕ ಮುದ್ದಾಗಿ ಫೈಲ್‌ನಲ್ಲಿಟ್ಟರೆ ಸಾಲದು. ಜಿಪಿ (ಫ್ಯಾಮಿಲಿ ಡಾಕ್ಟರ್) ಅಥವಾ ಕೌನ್ಸಿಲ್‌ನ (ಸ್ಥಳೀಯ ಆಡಳಿತ) ಲಸಿಕೆ ನರ್ಸ್ ಹತ್ತಿರ ಒಯ್ದು ಇಲ್ಲಿನ ರಿಜಿಸ್ಟರ್‌ಗೆ ಹಾಕಿಸಬೇಕು. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ಮಂಗನಬಾವು, ಮೆನಿಂಗೊಕಾಕಲ್, ಸೀತಾಳೆ ಸಿಡುಬಿನ ಲಸಿಕೆ ಬಾಕಿ ಇರುವುದು ಸಾಮಾನ್ಯ. ವಿಕ್ಟೋರಿಯಾದಲ್ಲಿ ಲಸಿಕೆಯ ದಾಖಲೆ ಇಲ್ಲದೆ ಸೆಂಟರೂ ಇಲ್ಲ, ಫ್ಯಾಮಿಲಿ ಡೇ ಕೇರೂ ಇಲ್ಲ, ಸಬ್ಸಿಡಿಯೂ ಇಲ್ಲ. ಬಂದ ವಾರದಲ್ಲೇ ಮಾಡಿಸಿ.

ನೋಡಲು ಹೋದಾಗ

ಬೆಳಿಗ್ಗೆ ಹತ್ತೂವರೆ, ಹನ್ನೊಂದಕ್ಕೆ ಹೋಗಿ. ಡ್ರಾಪ್ ಗಡಿಬಿಡಿ ಮುಗಿದಿರುತ್ತದೆ, ಮಕ್ಕಳು ಎದ್ದಿರುತ್ತಾರೆ. ಮ್ಯಾನೇಜರ್ ತೋರಿಸುವ ಗೋಡೆಯ ಚಿತ್ರಗಳನ್ನು ನೋಡಿದ್ದು ಸಾಕು, ಮಕ್ಕಳ ಕಡೆ ನೋಡಿ. ಮೂಗು ಸೋರುತ್ತಿರುವ ಮಗುವಿನ ಹತ್ತಿರ ಎಷ್ಟು ಹೊತ್ತಿಗೆ ಯಾರು ಬಂದರು? ಅಳುವ ಮಗುವಿನ ಎತ್ತರಕ್ಕೆ ಕೂತು ಮಾತಾಡಿದರಾ, ನಿಂತಲ್ಲೇ ಕೂಗಿದರಾ? ಅದಕ್ಕಿಂತ ಹೆಚ್ಚಿನದನ್ನು ಯಾವ ಕರಪತ್ರವೂ ಹೇಳುವುದಿಲ್ಲ. ಈ ಕೋಣೆಯ ಎಜುಕೇಟರ್‌ಗಳು ಎಷ್ಟು ಕಾಲದಿಂದ ಇದ್ದಾರೆ ಅಂತ ಕೇಳಿ. ಪ್ರತಿ ತಿಂಗಳೂ ಹೊಸ ಮುಖ ಅಂದರೆ ಎಷ್ಟೇ ಚಂದದ ಸೆಂಟರಾದರೂ ಒಂದು ವರ್ಷದ ಮಗುವಿಗೆ ಬೇಡ.

ಮನೆಗೆ ಹೋದರೆ ಹಿತ್ತಿಲ ಗೇಟಿನ ಚಿಲಕವನ್ನು ಕೈಯಿಂದಲೇ ಮುಟ್ಟಿ ನೋಡಿ. ಸಿಂಕಿನ ಕೆಳಗಿನ ಬೀರುವಿಗೆ ಲಾಕ್ ಇದೆಯಾ, ಬಿಸಿ ಚಹಾ ಎಲ್ಲಿಡುತ್ತಾರೆ, ಮಕ್ಕಳು ಮಲಗುವುದು ಎಲ್ಲಿ, ನಾಯಿ ಇದೆಯಾ, ದಿನದಲ್ಲಿ ಯಾರು ಯಾರು ಮನೆಗೆ ಬಂದು ಹೋಗುತ್ತಾರೆ, ಶಾಲೆಗೆ ದೊಡ್ಡ ಮಕ್ಕಳನ್ನು ಬಿಡಲು ಕಾರಿನಲ್ಲಿ ಹೋಗುವಾಗ ಚಿಕ್ಕವರನ್ನೂ ಕೂರಿಸಿಕೊಳ್ಳುತ್ತಾರಾ. ಕೇಳಲು ಸಂಕೋಚ ಬೇಡ. ಟಿವಿ ಆನ್ ಇತ್ತಾ ಅಂತ ಗಮನಿಸಿ.

2025ರ ಜುಲೈಯಲ್ಲಿ ಇಲ್ಲಿನ ಸೆಂಟರ್‌ಗಳಲ್ಲಿ ಕೆಲಸ ಮಾಡಿದ್ದ ಒಬ್ಬನ ಮೇಲೆ ಬಂದ, ಮಕ್ಕಳ ಮೇಲಿನ ದೌರ್ಜನ್ಯದ ಆರೋಪಗಳ ಸುದ್ದಿ ಓದಿ ಹಲವರು ಮಕ್ಕಳನ್ನು ಬಿಡಿಸಿ ಮನೆಗಳಿಗೆ ಸೇರಿಸಿದರು. ಆ ಭಯ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಇರುವುದು ಒಬ್ಬರೇ ವಯಸ್ಕರು, ಇನ್ನೊಂದು ಜೊತೆ ಕಣ್ಣಿಲ್ಲ. ಅದೇ ಸೆಪ್ಟೆಂಬರ್‌ನಿಂದ ವಿಕ್ಟೋರಿಯಾದ ಸೆಂಟರ್‌ಗಳಲ್ಲಿ ಸಿಬ್ಬಂದಿ ಮಕ್ಕಳ ಬಳಿ ಸ್ವಂತ ಫೋನ್ ಇಟ್ಟುಕೊಳ್ಳುವಂತಿಲ್ಲ. ಮನೆಯ ಎಜುಕೇಟರ್ ಯಾವ ಫೋನಿನಲ್ಲಿ ಫೋಟೊ ತೆಗೆಯುತ್ತಾರೆ, ಅವು ಎಲ್ಲಿ ಉಳಿಯುತ್ತವೆ ಅಂತಲೂ ಕೇಳಿ.

ಮೂರು ವರ್ಷ ತುಂಬುವಾಗ

ಏಪ್ರಿಲ್ 30ರೊಳಗೆ ಮೂರು ತುಂಬುವ ಮಗುವಿಗೆ ಆ ವರ್ಷ ಕಿಂಡರ್ (ಶಾಲೆಗೆ ಮುಂಚಿನ ಶಿಶುವಿಹಾರ). 2023ರಿಂದ ವಿಕ್ಟೋರಿಯಾದಲ್ಲಿ 'ಫ್ರೀ ಕಿಂಡರ್', ಪೌರತ್ವದ ಷರತ್ತಿಲ್ಲ. ಸೆಂಟರ್‌ನಲ್ಲಿ ಕಿಂಡರ್ ಇದ್ದರೆ ಫೀಯಲ್ಲಿ ಕಡಿತ ಸಿಗುತ್ತದೆ. ಫ್ಯಾಮಿಲಿ ಡೇ ಕೇರ್‌ನಲ್ಲಿ ಸಾಮಾನ್ಯವಾಗಿ ಕಿಂಡರ್ ಇರುವುದಿಲ್ಲ. ನಮ್ಮಲ್ಲಿ ಬಹಳ ಮನೆಗಳ ದಾರಿ ಇದು: ಎರಡೂವರೆ ತನಕ ಮನೆ, ಆಮೇಲೆ ಸೆಂಟರ್. ಕಾಯುವ ಪಟ್ಟಿಗೆ ಬೇಗ ಹೆಸರು ಹಾಕಿ.

ಡಬ್ಬಿ, ಒಡವೆ, ಜ್ವರ

ಶೇಂಗಾ ಬೇಡ. ಚಿತ್ರಾನ್ನದಲ್ಲಿ ಬೇಡ, ಅವಲಕ್ಕಿ ಒಗ್ಗರಣೆಯಲ್ಲಿ ಬೇಡ, ಮೊಸರನ್ನದ ಪಕ್ಕದ ಚಟ್ನಿಪುಡಿಯಲ್ಲೂ ಬೇಡ. ಅಲರ್ಜಿ ಇರುವ ಬೇರೆ ಮಗುವಿನ ಪ್ರಾಣದ ಪ್ರಶ್ನೆ ಅದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ಮೊಟ್ಟೆ, ಮಾಂಸ ಬೇಡವಾದರೆ ಫಾರಂನಲ್ಲಿ ಬರೆದುಕೊಡಿ, ಬಾಯಲ್ಲಿ ಹೇಳಿದ್ದು ಪಾಳಿ ಬದಲಾದಾಗ ಉಳಿಯುವುದಿಲ್ಲ. ಸರ, ಬಳೆ, ಕಾಲ್ಗೆಜ್ಜೆ, ಕೈಯ ಕರಿಮಣಿ ಮನೆಯಲ್ಲೇ ಇರಲಿ. ಅಜ್ಜಿಗೆ ನೀವೇ ಸಮಾಧಾನ ಹೇಳಿ.

ಬೆಳಿಗ್ಗೆ ಪನಡಾಲ್ (ಪ್ಯಾರಾಸಿಟಮಾಲ್) ಕುಡಿಸಿ, ಜ್ವರ ಇಳಿದಿದೆ ಅಂತ ಬಿಟ್ಟು ಓಡುವ ಅಭ್ಯಾಸ ನಮ್ಮವರಲ್ಲಿ ಇದೆ, ಎಲ್ಲರಿಗೂ ಗೊತ್ತು. ಹನ್ನೊಂದಕ್ಕೆ ಫೋನ್ ಬಂದೇ ಬರುತ್ತದೆ. ವಾಂತಿಭೇದಿ ನಿಂತು 24 ಗಂಟೆ ಆಗುವ ತನಕ ಕಳಿಸಬೇಡಿ. ಮೊದಲ ಚಳಿಗಾಲದಲ್ಲಿ ಮಗು ವಾರ ಬಿಟ್ಟು ವಾರ ಮಲಗುತ್ತದೆ, ರಜೆ ಉಳಿಸಿಕೊಳ್ಳಿ. ರಾತ್ರಿ ಗಾಬರಿಯಾದರೆ ಮೆಟರ್ನಲ್ ಅಂಡ್ ಚೈಲ್ಡ್ ಹೆಲ್ತ್ ಲೈನ್: 13 22 29.

ಸಂಜೆ ತಡವಾದರೆ ನಿಮಿಷದ ಲೆಕ್ಕದಲ್ಲಿ ದಂಡ. ಟ್ರೈನ್ ತಡವಾಯಿತು ಅನ್ನುವುದು ನಡೆಯುವುದಿಲ್ಲ. ಕರೆತರಲು ಇನ್ನಿಬ್ಬರ ಹೆಸರು ಕೊಟ್ಟಿರಿ. ಹೆಸರಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ, ಸ್ವಂತ ಚಿಕ್ಕಪ್ಪನಾದರೂ ಸರಿ.

ಮೊದಲ ದಿನದ ಚೀಲ

ಟೋಪಿ (ಹೆಸರು ಬರೆದು)
ಎರಡು ಜೊತೆ ಬಟ್ಟೆ
ಹೊದಿಕೆ
ನೀರಿನ ಬಾಟಲಿ
ಬೇಕಿದ್ದರೆ ನ್ಯಾಪಿ
ಅಮ್ಮನ ಹಳೆಯ ದುಪಟ್ಟಾ, ಮಲಗುವ ಹೊತ್ತಿಗೆ ಕೇಳುವ ದೊಡ್ಡ ಮಕ್ಕಳಿಗೆ (ಎಳೆಗೂಸಿನ ತೊಟ್ಟಿಲಲ್ಲಿ ಏನೂ ಇಡಲು ಬಿಡುವುದಿಲ್ಲ)
ಮಗು ಹೇಳುವ ಕನ್ನಡದ ಹತ್ತು ಮಾತು, ಇಂಗ್ಲಿಷಿನಲ್ಲಿ ಬರೆದ ಚೀಟಿ: ನೀರು, ಸುಸ್ಸು, ಹೊಟ್ಟೆ ಹಸಿವು, ನೋವು, ಅಮ್ಮ ಬರ್ತಾಳೆ...

ಮೈಗವ್ ಅರ್ಜಿ ತೊಡಕಾದರೆ ಸಂಘದ ಕನ್ನಡ ಶಾಲೆ ಮುಗಿದ ಮೇಲೆ ಸ್ವಯಂಸೇವಕರನ್ನು ಹುಡುಕಿ. ಫೋನ್, ಮಗುವಿನ ಪಾಸ್‌ಪೋರ್ಟ್, ವೀಸಾ ಪತ್ರ ಜೊತೆಗಿರಲಿ. ಪಾಸ್‌ವರ್ಡ್ ನೀವೇ ಒತ್ತಿ, ನಮಗೆ ಹೇಳಬೇಡಿ.