ಮೆಡಿಕಲ್‌ನಲ್ಲಿ ‘ಸ್ಟಾಕ್ ಇಲ್ಲ’ ಅಂದ್ರೆ ನಿಮ್ಮ ಔಷಧಿ ಹುಡುಕೋದು ಹೇಗೆ?

ದಿನಾ ತಗೊಳ್ಳೋ ಮಾತ್ರೆ ಸ್ಟಾಕ್ ಇಲ್ಲ ಅಂತ ಹೇಳಿದ ತಕ್ಷಣ ಕೆಲವರು ‘ಬಂದಾಗ ತಗೊಂಡ್ರಾಯ್ತು ಬಿಡಿ’ ಅಂತ ವಾಪಸ್ ಹೋಗ್ತಾರೆ, ಹದಿನೈದು ದಿನ ಮಾತ್ರೇನೇ ಇರಲ್ಲ. ಇನ್ನು ಕೆಲವರು ‘ಅದೇ ಥರದ್ದು ಯಾವ್ದಾದ್ರೂ ಕೊಡಿ ಅಣ್ಣಾ’ ಅಂತಾರೆ. ಎರಡೂ ಅಪಾಯ. ಔಷಧಿ ಅಂಗಡಿ ಕೌಂಟರ್ ಹಿಂದೆ ನಿಂತು ಇದನ್ನ ನೋಡ್ತಾನೇ ಇದೀನಿ, ಅದಕ್ಕೇ ಬರೀತಿದೀನಿ.

1. ಖಾಲಿ ಸ್ಟ್ರಿಪ್ ಎಸೀಬೇಡಿ. ಹಿಂಬದಿ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಅಂಗಡಿಗೆ ಬನ್ನಿ. ಸ್ಟ್ರಿಪ್ ಕತ್ತರಿಸಿ ಕೊಟ್ರೆ ಹೆಸರು, ಎಕ್ಸ್‌ಪೈರಿ ಇರೋ ತುಂಡೇ ಬೇಕು ಅಂತ ಕೇಳಿ ತಗೊಳ್ಳಿ.

2. ಬ್ರಾಂಡ್ ಬಿಟ್ಟು ಸಾಲ್ಟ್ ಹೆಸರು ಓದಿ. ಮಾತ್ರೆ ಒಳಗಿರೋ ಔಷಧಿಯ ಹೆಸರನ್ನೇ ನಾವು ಸಾಲ್ಟ್ ಅನ್ನೋದು. ಹೆಚ್ಚು ಓಡೋ 300 ಬ್ರಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯ, ಅದನ್ನ ಸ್ಕ್ಯಾನ್ ಮಾಡಿದ್ರೂ ಸಾಲ್ಟ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲಾ ಸಿಗುತ್ತೆ.

3. ಬ್ರಾಂಡ್ ಸಿಗ್ತಿಲ್ವೋ, ಸಾಲ್ಟೇ ಸಿಗ್ತಿಲ್ವೋ ತಿಳ್ಕೊಳ್ಳಿ. ಎರಡು ಮೂರು ಅಂಗಡೀಲಿ ಸಾಲ್ಟ್ ಹೆಸರು ಹೇಳಿ ವಿಚಾರಿಸಿ, ಅದ್ರಲ್ಲಿ ಒಂದು ದೊಡ್ಡ ಆಸ್ಪತ್ರೆ ಎದುರಿಗಿರೋದು ಆಗಿರ್ಲಿ. ಬೇರೆ ಬ್ರಾಂಡ್ ಇದ್ರೆ ಡಾಕ್ಟರ್ ಹತ್ರ ಸಾಲ್ಟ್ ಹೆಸರಲ್ಲೇ ಚೀಟಿ ಬರೆಸ್ಕೊಂಡು ಬನ್ನಿ, ಯಾಕಂದ್ರೆ ಚೀಟೀಲಿ ಒಂದು ಬ್ರಾಂಡ್ ಬರೆದಿರುವಾಗ ನಮ್ಮಷ್ಟಕ್ಕೆ ನಾವು ಇನ್ನೊಂದು ಕೊಡೋಕೆ ಕಾನೂನು ಬಿಡಲ್ಲ.

ಯಾವ ಬ್ರಾಂಡೂ ಇಲ್ಲ ಅಂದ್ರೆ ಊರೆಲ್ಲಾ ಸುತ್ತಬೇಡಿ. ಒಂದೇ ಮಿಲ್ಲಿನ ಅಕ್ಕಿ ಹತ್ತು ಹೆಸರಿನ ಚೀಲದಲ್ಲಿ ಬಂದ ಹಾಗೆ ಇದು. ಮಾತ್ರೆ ಮಾಡೋದು ನಮ್ಮ ದೇಶದಲ್ಲೇ ಆದ್ರೂ ಅದರ ಮೂಲ ಪುಡಿ, ಅಂದ್ರೆ ಎಪಿಐ, ನಾವು ಆಮದು ಮಾಡ್ಕೊಳ್ಳೋದ್ರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಚೀನಾದಿಂದ ಬರುತ್ತೆ. ಅಲ್ಲಿ ಫ್ಯಾಕ್ಟರಿ ನಿಂತ್ರೆ ಇಲ್ಲಿ ಹತ್ತು ಕಂಪನಿಗೂ ಒಟ್ಟಿಗೇ ಬಿಸಿ ತಟ್ಟುತ್ತೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಚೀನಾದ ಸರಬರಾಜು ಕೆಟ್ಟಾಗ ನಮ್ಮ ಸರ್ಕಾರ ಪ್ಯಾರಾಸಿಟಮಾಲ್ ಸೇರಿ 26 ಎಪಿಐ ಮತ್ತು ಔಷಧಿಗಳ ರಫ್ತಿಗೆ ಕಡಿವಾಣ ಹಾಕಿದ್ದು ಇದಕ್ಕೇ. ಬೇಜಾರಿನ ವಿಷಯ ಅಂದ್ರೆ ನಮಗೆ ಈ ಮೂಲ ಪುಡಿ ಮಾಡೋಕೆ ಬರ್ತಿರ್ಲಿಲ್ಲ ಅಂತಲ್ಲ. ಪುಣೆ ಹತ್ರ ಪಿಂಪ್ರಿಯಲ್ಲಿ 1954ರಲ್ಲೇ ಸರ್ಕಾರಿ ಪೆನಿಸಿಲಿನ್ ಕಾರ್ಖಾನೆ ಹುಟ್ಕೊಂಡಿತ್ತು. 90ರ ದಶಕದಿಂದ ಚೀನಾದ ಅಗ್ಗದ ಮಾಲು ಬರ್ತಾ ಬರ್ತಾ ಇಲ್ಲಿ ಪೆನಿಸಿಲಿನ್-ಜಿ (ಪೆನಿಸಿಲಿನ್ ಥರದ ಆಂಟಿಬಯಾಟಿಕ್ ಔಷಧಿಗಳ ಮೂಲ ಪುಡಿ) ಮಾಡೋದೇ ನಿಂತುಹೋಯ್ತು, ಮತ್ತೆ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದು 2024ರಲ್ಲಿ, ಆಂಧ್ರದ ಕಾಕಿನಾಡದಲ್ಲಿ. ಹಾಗಾಗಿ ಸಾಲ್ಟೇ ಕೊರತೆ ಇದ್ರೆ ಅಂಗಡಿಯವರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ, ಅವತ್ತೇ ಡಾಕ್ಟರ್ ಹತ್ರ ಹೋಗಿ ಬೇರೆ ಔಷಧಿ ಬರೆಸ್ಕೊಳ್ಳಿ.

4. ಹೆಸರಿನ ಕೊನೇ ಅಕ್ಷರದವರೆಗೂ ಹೋಲಿಸಿ. ಬಿಪಿ, ಹಾರ್ಟ್‌ಗೆ ಕೊಡೋ ಮಾತ್ರೇಲಿ ಮೆಟೊಪ್ರೊಲಾಲ್ ಅಂತ ಓದಿ ಅಲ್ಲಿಗೇ ನಿಲ್ಲಿಸಬೇಡಿ, ಸಕ್ಸಿನೇಟೋ ಟಾರ್ಟ್ರೇಟೋ ನೋಡಿ. ಸಕ್ಸಿನೇಟ್ ನಿಧಾನಕ್ಕೆ ಬಿಡುಗಡೆ ಆಗೋದು, ಸಾಮಾನ್ಯವಾಗಿ ದಿನಕ್ಕೆ ಒಂದು, ಇನ್ನೊಂದಕ್ಕೆ ಲೆಕ್ಕಾನೇ ಬೇರೆ. ಎಕ್ಸ್‌ಎಲ್, ಎಸ್‌ಆರ್, ಇಆರ್ (ಇವೂ ನಿಧಾನಕ್ಕೆ ಬಿಡುಗಡೆ ಆಗೋದರ ಗುರುತೇ) ಅಂತಿದ್ರೆ ಹೊಸದರಲ್ಲೂ ಹಾಗೇ ಇರ್ಬೇಕು, ಮತ್ತೆ ಅಂಥ ಮಾತ್ರೆ ಕೇಳದೆ ಮುರೀಬೇಡಿ, ಪುಡಿಯಂತೂ ಮಾಡಲೇಬೇಡಿ. ಫಿಟ್ಸ್ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್, ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್, ಇವುಗಳ ಬ್ರಾಂಡನ್ನ ಡಾಕ್ಟರಿಗೆ ಹೇಳದೆ ಬದಲಾಯಿಸಲೇಬಾರದು. ಥೈರಾಯ್ಡ್ ಮಾತ್ರೆ ಬ್ರಾಂಡ್ ಬದಲಾದ್ರೆ 6-8 ವಾರ ಬಿಟ್ಟು ಟಿಎಸ್‌ಎಚ್ ಟೆಸ್ಟ್ ಮಾಡಿಸಿ.

5. ಇನ್ಸುಲಿನ್ ಪೆನ್ನಿಂದ ಬಾಟಲಿಗೆ ಹೋಗೋದು. ಇದನ್ನ ನಿಧಾನವಾಗಿ ಓದಿ, ಜನ ಕೆಡಿಸ್ಕೊಳ್ಳೋದು ಇಲ್ಲೇ. ಡೆನ್ಮಾರ್ಕ್‌ನ ನೋವೊ ನಾರ್ಡಿಸ್ಕ್ ಕಂಪನಿ ತನ್ನ ಇನ್ಸುಲಿನ್ ಬ್ರಾಂಡ್ ಹ್ಯೂಮನ್ ಮಿಕ್ಸ್‌ಟಾರ್ಡ್‌ನ ಪೆನ್ ಕಾರ್ಟ್ರಿಜ್‌ಗಳನ್ನ (ಪೆನ್ ಒಳಗೆ ಹಾಕೋ ಇನ್ಸುಲಿನ್ ಕೊಳವೆ) ಇಲ್ಲಿ ನಿಲ್ಲಿಸೋ ಸುದ್ದಿ 2025ರಲ್ಲಿ ಬಂತು, ಬಾಟಲಿ ಉಳಿಸ್ಕೊಂಡ್ರು. ಎಲ್ಲೋ ದೂರದಲ್ಲಿ ಕೂತು ತಗೊಂಡ ತೀರ್ಮಾನ, ಇಲ್ಲಿ ಎಷ್ಟೋ ಮನೇಲಿ ವಯಸ್ಸಾದೋರು ಹೊಸದಾಗಿ ಸಿರಿಂಜ್ ಹಿಡಿಯೋದು ಕಲೀಬೇಕಾಯ್ತು.

ಕಾರ್ಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಬಾಟಲೀಲಿ ಒಂದು ಎಂಎಲ್‌ಗೆ 40 ಯೂನಿಟ್. ಇದನ್ನ ನೋಡಿದ ತಕ್ಷಣ ‘ಹಾಗಾದ್ರೆ ಎರಡೂವರೆ ಪಟ್ಟು ಜಾಸ್ತಿ ತಗೋಬೇಕಾ?’ ಅಂತ ಲೆಕ್ಕ ಹಾಕ್ತಾರೆ. ಬೇಡ. ಡಾಕ್ಟರ್ ಹೇಳಿದ್ದು 20 ಯೂನಿಟ್ ಅಂದ್ರೆ 20 ಯೂನಿಟ್ಟೇ. ಬಾಟಲಿಗೆ ಸರಿಯಾದ ಸಿರಿಂಜ್ ಇದ್ರೆ ಸಾಕು. 40ರ ಬಾಟಲಿಗೆ ಕೆಂಪು ಕ್ಯಾಪಿನ 40ರ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಕ್ಯಾಪಿನ 100ರ ಸಿರಿಂಜ್. ಬಣ್ಣ ನಂಬಿ ಸುಮ್ನಾಗ್ಬೇಡಿ, ಸಿರಿಂಜ್ ಮೇಲಿನ ನಂಬರ್ ಮತ್ತು ಬಾಟಲಿ ಮೇಲಿನ ನಂಬರ್ ಪಕ್ಕಪಕ್ಕ ಹಿಡಿದು ನೋಡಿ.

ಅದಲು ಬದಲಾದ್ರೆ ಏನಾಗುತ್ತೆ ಗೊತ್ತಾ? 40ರ ಬಾಟಲಿಯಿಂದ 100ರ ಸಿರಿಂಜಲ್ಲಿ 20ರ ಗೆರೆವರೆಗೂ ಎಳೆದ್ರೆ ಮೈಗೆ ಹೋಗೋದು 8 ಯೂನಿಟ್, ಶುಗರ್ ಏರ್ತಾ ಹೋಗುತ್ತೆ. ಅದಕ್ಕಿಂತ ಭಯಂಕರ, ಉಳಿದ ಹಳೇ ಕಾರ್ಟ್ರಿಜ್ ವೇಸ್ಟ್ ಮಾಡೋದ್ಯಾಕೆ ಅಂತ ಅದಕ್ಕೆ ಕೆಂಪು ಸಿರಿಂಜ್ ಚುಚ್ಚಿ 20ರ ಗೆರೆವರೆಗೂ ಎಳೆಯೋದು. ಅದು 50 ಯೂನಿಟ್ ಆಗುತ್ತೆ, ಮನುಷ್ಯ ಎಚ್ಚರ ತಪ್ಪಿ ಬೀಳಬಹುದು. ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಲೇಬೇಡಿ, ಯಾರು ಹೇಳಿದ್ರೂ ಸರಿ.

30/70 (ಬೇಗ ಕೆಲಸ ಮಾಡೋ ಇನ್ಸುಲಿನ್ 30 ಪಾಲು, ನಿಧಾನದ್ದು 70 ಪಾಲು) ಇದ್ದದ್ದಕ್ಕೆ 30/70ನೇ ಬೇಕು. ಅದರ ಬದಲು ಡಾಕ್ಟರ್ ಆಸ್ಪಾರ್ಟ್ ಮಿಕ್ಸ್ (ಇನ್ನೂ ಬೇಗ ಕೆಲಸ ಶುರು ಮಾಡೋ ಇನ್ಸುಲಿನ್) ಬರೆದುಕೊಟ್ರೆ ಟೈಮಿಂಗ್ ಕೇಳ್ಕೊಳ್ಳಿ, ಹಳೇದು ಊಟಕ್ಕೆ ಅರ್ಧ ಗಂಟೆ ಮೊದಲು, ಇದು ಊಟಕ್ಕೆ ಕೂರೋ ಹೊತ್ತಿಗೆ. ಬಾಟಲೀನ ಕುಲುಕಬೇಡಿ, ಎರಡೂ ಅಂಗೈ ಮಧ್ಯೆ ಇಟ್ಟು ಮೆಲ್ಲಗೆ ಉರುಳಿಸಿ, ಹಾಲಿನ ಬಣ್ಣ ಒಂದೇ ಸಮ ಬರೋವರೆಗೂ. ಮೊದಲ ಸಲ ನರ್ಸ್ ಅಥವಾ ಫಾರ್ಮಸಿಸ್ಟ್ ಎದುರಿಗೇ ಎಳೆದು ತೋರಿಸಿ, ನಾವೇನೂ ಬೇಜಾರ್ ಮಾಡ್ಕೊಳ್ಳಲ್ಲ.

ವಾಟ್ಸಾಪ್ ಗ್ರೂಪಲ್ಲಿ ‘ಫಾರಿನ್ ಮಾಲು, ಅರ್ಧ ರೇಟು’ ಅಂತ ಬರೋ ಇನ್ಸುಲಿನ್ ಕಡೆ ತಿರುಗಿಯೂ ನೋಡ್ಬೇಡಿ. ದಾರೀಲಿ ಬಿಸಿಲಿಗೆ ಬೆಂದಿದೆಯೋ ಫ್ರೀಜ್ ಆಗಿದೆಯೋ ಯಾರಿಗೂ ಗೊತ್ತಿರಲ್ಲ. ಬ್ಯಾಚ್ ನಂಬರ್ ಇರೋ ಬಿಲ್ ಕೊಡದ ಕಡೆ ಔಷಧಿ ಕೊಳ್ಳಬಾರದು.

6. ಜನೌಷಧಿ ಕೇಂದ್ರ ನೋಡಿ. ‘ಜನೌಷಧಿ ಸುಗಮ್’ ಆಪಲ್ಲಿ ಸಾಲ್ಟ್ ಹೆಸರು ಹಾಕಿದ್ರೆ ಬೆಲೆ, ಹತ್ತಿರದ ಕೇಂದ್ರ ಎರಡೂ ಸಿಗುತ್ತೆ. ಮಾಮೂಲಿ ಬಿಪಿ, ಶುಗರ್ ಮಾತ್ರೆಗೆ ನಾನಂತೂ ಮೊದಲು ಅಲ್ಲಿಗೇ ಹೋಗಿ ಅಂತೀನಿ.

7. ಒಂದು ತಿಂಗಳದ್ದು ಎಕ್ಸ್‌ಟ್ರಾ ಇರ್ಲಿ, ಆರು ತಿಂಗಳದ್ದು ಬೇಡ. ಸುದ್ದಿ ಕೇಳಿದ ಕೂಡ್ಲೇ ಇಪ್ಪತ್ತು ಸ್ಟ್ರಿಪ್ ಹೊತ್ಕೊಂಡು ಹೋದ್ರೆ ಹಿಂದೆ ನಿಂತಿರೋರಿಗೆ ಒಂದೂ ಸಿಗಲ್ಲ.

8. ದೂರು ಕೊಡಿ. ಇದನ್ನ ಯಾರೂ ಮಾಡಲ್ಲ, ನೀವಾದ್ರೂ ಮಾಡಿ. ಬೆಲೆ ನಿಯಂತ್ರಣದಲ್ಲಿರೋ ಔಷಧೀನ ಕಂಪನಿ ನಿಲ್ಲಿಸೋದಿದ್ರೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಆರು ತಿಂಗಳು ಮೊದಲೇ ಪ್ರಕಟಣೆ ಕೊಟ್ಟು ಸರ್ಕಾರಕ್ಕೂ ತಿಳಿಸ್ಬೇಕು, ಬೇಕಾದ್ರೆ ಸರ್ಕಾರ ಒಂದು ವರ್ಷದವರೆಗೆ ಮುಂದುವರಿಸಿ ಅಂತ ಹೇಳಬಹುದು. ಆದ್ರೆ ಯಾವ ಊರಲ್ಲಿ ಏನು ಸಿಗ್ತಿಲ್ಲ ಅಂತ ಅವರಿಗೆ ಗೊತ್ತಾಗ್ಬೇಕಲ್ಲ. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ ಉಚಿತ ಸಹಾಯವಾಣಿ 1800 111 255. ಸ್ಟ್ರಿಪ್ ಫೋಟೋ ಮುಂದಿಟ್ಕೊಂಡು ಫೋನ್ ಮಾಡಿ, ಬ್ರಾಂಡ್, ಸಾಲ್ಟ್, ಎಷ್ಟು ಎಂಜಿ, ಯಾವ ಕಂಪನಿ, ಯಾವ ಯಾವ ಅಂಗಡೀಲಿ ಯಾವ ದಿನ ಕೇಳಿದ್ರಿ ಅಂತ ಹೇಳಿ, ದೂರಿನ ನಂಬರ್ ಬರ್ಕೊಂಡೇ ಫೋನ್ ಇಡಿ.