ಅಡಗಿ ಕೂರುತ್ತಿದ್ದ ಮೀನುಗಳು ಹೊರಗೆ ಬಂದದ್ದು

ಅಕ್ವೇರಿಯಂಗೆ ನಾಲ್ಕು ಸೆವೆರಮ್ ಮೀನು ತಂದು ಮೂರು ತಿಂಗಳಾಗಿತ್ತು. ಅವುಗಳ ಮುಖವನ್ನು ಸರಿಯಾಗಿ ನೋಡಿದ್ದೇ ಇಲ್ಲ.

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರ, ಕಾಫಿ ತೋಟದ ನಡುವೆ. ಹಾಲ್‌ನಲ್ಲಿ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಇದೆ. ಅಂಚಿನವರೆಗೆ ತುಂಬಿಸಿದರೆ 560 ಲೀಟರಿಗೂ ಜಾಸ್ತಿ ನೀರು ಹಿಡಿಯುತ್ತದೆ. ಜಾಗ ದೊಡ್ಡದಾದರೆ ಮೀನು ಆರಾಮಾಗಿ ಓಡಾಡುತ್ತವೆ ಅಂದುಕೊಂಡಿದ್ದೆ. ಆದದ್ದು ಬೇರೆ. ಅಡುಗೆಮನೆಯಿಂದ ಯಾರಾದರೂ ಹಾಲ್‌ಗೆ ಕಾಲಿಟ್ಟರೆ ಸಾಕು, ನಾಲ್ಕೂ ಮರದ ಬೊಡ್ಡೆಯ ಹಿಂದೆ ಸೇರಿಕೊಳ್ಳುತ್ತಿದ್ದವು. ತಳದಲ್ಲಿ ಆರು ಜೀಬ್ರಾ ಲೋಚ್ ಮೀನು ಇದ್ದವು, ಅವು ದೀಪ ಆರಿದ ಮೇಲಷ್ಟೇ ಹೊರಗೆ ಬರುತ್ತಿದ್ದವು. ಒಮ್ಮೆ ಮಾವ ಬಂದವರು ಟ್ಯಾಂಕ್ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಲೋಟದ ಕಾಫಿ ಮುಗಿಯುವ ತನಕ ಕಾದರು. ಒಂದು ಬಾಲವೂ ಕಾಣಲಿಲ್ಲ. "ಪಾಪ, ಇವಕ್ಕೆ ಏನೋ ಹೆದರಿಕೆ ಕಣಪ್ಪ" ಅಂದರು.

ಆ ಮಾತು ನನಗೆ ನಾಟಿತು. ನೋಡಲು ಸಿಗುವುದಿಲ್ಲ ಅನ್ನುವ ಬೇಜಾರು ನನ್ನದು. ಆದರೆ ಮೀನಿನ ಕಡೆಯಿಂದ ನೋಡಿದರೆ ಅದು ದಿನವಿಡೀ ಹೆದರಿಕೊಂಡೇ ಬದುಕುತ್ತಿತ್ತು. ಮೈಬಣ್ಣ ಮಂಕಾಗಿತ್ತು. ಹಾಕಿದ ಆಹಾರ ಅರ್ಧ ಹಾಗೇ ತಳ ಸೇರಿ ಕೊಳೆಯುತ್ತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬಚ್ಚಿಟ್ಟುಕೊಳ್ಳಲು ಇನ್ನೂ ಎರಡು ಜಾಗ ಮಾಡಿಕೊಟ್ಟೆ. ಹಿಂದಿನ ಗಾಜಿಗೆ ಕಪ್ಪು ಚಾರ್ಟ್ ಹಾಳೆ ಅಂಟಿಸಿದೆ. ದೀಪದ ಬೆಳಕು ಕಡಿಮೆ ಮಾಡಿದೆ. ಟ್ಯಾಂಕನ್ನು ಓಡಾಟವಿಲ್ಲದ ಮೂಲೆಗೆ ಸರಿಸೋಣ ಅಂದರೆ ಆಗುವ ಮಾತಲ್ಲ, ನೀರೇ ಅರ್ಧ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಕಪ್ಪು ಹಾಳೆಯಿಂದ, ಕಡಿಮೆ ಬೆಳಕಿನಿಂದ ಸ್ವಲ್ಪ ಉಪಯೋಗವಾಯಿತು. ಅಡಗುವ ಜಾಗ ಹೆಚ್ಚಾದದ್ದರಿಂದ ಮಾತ್ರ ಅವು ಹೊರಗೆ ಬರಲಿಲ್ಲ, ಇನ್ನಷ್ಟು ಒಳಗೆ ಸೇರಿಕೊಂಡವು.

ಇಲ್ಲೊಂದು ವಿಷಯ ಹೇಳಲೇಬೇಕು, ತೋಟದಲ್ಲಿರುವವರಿಗೆ ಬೇಕಾದದ್ದು. ಕಿತ್ತ ಹಳೇ ಕಾಫಿ ಗಿಡದ ಬುಡ ನೋಡಲು ತುಂಬ ಚಂದ, ಟ್ಯಾಂಕಿಗೆ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಎಲೆ ತುಕ್ಕು ರೋಗಕ್ಕೆ ವರ್ಷ ವರ್ಷ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ತಾಮ್ರ ಮೀನಿಗೆ ವಿಷ. ನೀರು ಮೆದುವಾದಷ್ಟೂ ಅದರ ಹೊಡೆತ ಜೋರು, ನಮ್ಮ ಬಾವಿ ನೀರಂತೂ ತೀರಾ ಮೆದು. ಬೊಡ್ಡೆಯನ್ನು ದುಡ್ಡು ಕೊಟ್ಟೇ ತಂದೆ.

ದಾರಿ ಕಂಡದ್ದು ತೋಟದ ಕೆಳಗಿನ ತೋಡಿನಲ್ಲಿ. ಏಪ್ರಿಲ್ ತಿಂಗಳು, ನೀರು ಇಳಿದು ಕನ್ನಡಿಯ ಹಾಗಿತ್ತು. ಬಂಡೆಯ ಮೇಲೆ ಸುಮ್ನೆ ಕೂತಿದ್ದೆ. ಬೆರಳುದ್ದದ ಮೀನುಗಳ ಗುಂಪೊಂದು ನೀರಿನ ಮೇಲ್ಭಾಗದಲ್ಲೇ ಆಡುತ್ತಿತ್ತು. ಮೈಮೇಲೆ ನೀಲಿ, ಹಳದಿ ಗೆರೆ. ಮಲಬಾರ್ ಡ್ಯಾನಿಯೋ. ಎಲೆಯಿಂದ ಇರುವೆ ಬಿದ್ದರೆ ಎಲ್ಲವೂ ಒಟ್ಟಿಗೆ ನುಗ್ಗುತ್ತಿದ್ದವು. ಅವು ಹಾಗೆ ಆಡುತ್ತಿದ್ದಾಗ ತಳದ ಕಲ್ಲುಗಳ ನಡುವೆ ಲೋಚ್‌ಗಳೂ ಹೊರಗೆ ಬಂದು ಮರಳು ಕೆದಕುತ್ತಿದ್ದವು. ಮಿಂಚುಳ್ಳಿಯೊಂದು ನೀರಿಗೆ ಎರಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಗುಂಡಿ ಖಾಲಿ. ಒಂದೆರಡು ನಿಮಿಷದ ಮೇಲೆ ಮೊದಲು ವಾಪಸ್ ಬಂದದ್ದು ಡ್ಯಾನಿಯೋಗಳೇ. ಅವು ಮತ್ತೆ ಮೇಲೆ ಹರಡಿಕೊಂಡ ಮೇಲೆ ಲೋಚ್‌ಗಳು ಒಂದೊಂದಾಗಿ ಇಣುಕಿದವು.

ಅಂದರೆ ನಾಚಿಕೆಯ ಮೀನು ಅಪಾಯವನ್ನು ತಾನೊಂದೇ ಅಳೆಯುವುದಿಲ್ಲ. ಮೇಲಿನವರು ಆರಾಮಾಗಿದ್ದಾರಾ ಅಂತ ನೋಡುತ್ತದೆ. ಅವರು ಆಡುತ್ತಿದ್ದರೆ ಹೊರಗೆ ಬರಬಹುದು. ನನ್ನ ಟ್ಯಾಂಕಿನಲ್ಲಿ ಮೇಲೆ ಯಾರೂ ಇರಲಿಲ್ಲ. ಸೆವೆರಮ್‌ಗೆ ಅದು ಮಿಂಚುಳ್ಳಿ ಬಂದು ಹೋದ ಗುಂಡಿಯ ಹಾಗೇ ಕಂಡಿರಬೇಕು. ಅಕ್ವೇರಿಯಂ ಇಟ್ಟವರು ಇಂಥ ಜೊತೆಗಾರ ಮೀನಿಗೆ ಡಿದರ್ ಫಿಶ್ ಅನ್ನುತ್ತಾರೆ. ಹೆಸರು ನನಗೆ ಮೊದಲೇ ಗೊತ್ತಿತ್ತು. ಅರ್ಥವಾದದ್ದು ಅವತ್ತು.

ಆದರೆ ಆಯ್ಕೆಯಲ್ಲಿ ತಪ್ಪಿದೆ. ಚುರುಕು ಮೀನು ಕೊಡಿ ಅಂತ ಅಂಗಡಿಯಲ್ಲಿ ಕೇಳಿ ಆರು ಟೈಗರ್ ಬಾರ್ಬ್ ತಂದೆ. ಚುರುಕೇನೋ ಹೌದು. ಮೂರನೇ ದಿನಕ್ಕೆ ಸೆವೆರಮ್‌ಗಳ ಹೊಟ್ಟೆಯ ಕೆಳಗಿನ ಉದ್ದ ರೆಕ್ಕೆಯ ತುದಿಗಳು ಹರಿದು ನೂಲು ನೂಲಾಗಿದ್ದವು. ಟೈಗರ್ ಬಾರ್ಬ್ ಗುಂಪು ಚಿಕ್ಕದಾದಷ್ಟೂ ಬೇರೆಯವರ ರೆಕ್ಕೆ ಕಚ್ಚುವುದು ಜಾಸ್ತಿ. ನಿಧಾನದ ಮೀನು ಸಿಕ್ಕರೆ ಬಿಡುವುದೇ ಇಲ್ಲ. ವಾಪಸ್ ಕೊಟ್ಟು ಬಂದೆ. ಚುರುಕು ಬೇರೆ, ಪೋಕರಿತನ ಬೇರೆ. ಈ ವ್ಯತ್ಯಾಸಕ್ಕೆ ಬೆಲೆ ತೆತ್ತದ್ದು ನನ್ನ ಸೆವೆರಮ್‌ಗಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ನಿಧಾನವಾಗಿ ಯೋಚಿಸಿದೆ. ಸೆವೆರಮ್ ಬೆಳೆದರೆ ಅಂಗೈಗಿಂತ ದೊಡ್ಡದಾಗುತ್ತದೆ, ಬಾಯಿಗೆ ಹಿಡಿಯುವ ಮೀನನ್ನು ನುಂಗುತ್ತದೆ. ಹಾಗಾಗಿ ನಿಯಾನ್ ಟೆಟ್ರಾ, ಜೀಬ್ರಾ ಡ್ಯಾನಿಯೋದಂಥ ಸಣ್ಣವು ಬೇಡ. ಸಿಲ್ವರ್ ಡಾಲರ್ ಗಾತ್ರಕ್ಕೆ ಸರಿ, ಆದರೆ ಅದು ತಾನೇ ಪುಕ್ಕಲು, ಸದ್ದಾದರೆ ಗಾಜಿಗೆ ಹೋಗಿ ಬಡಿಯುತ್ತದೆ. ಧೈರ್ಯ ಹೇಳಬೇಕಾದವರೇ ಓಡಿದರೆ ಉಳಿದವರ ಗತಿಯೇನು? ಬೋಸ್ಮಾನಿ ರೈನ್‌ಬೋ ಮೇಲೆ ನನಗೆ ತುಂಬ ಆಸೆ ಇತ್ತು. ನ್ಯೂಗಿನಿ ದ್ವೀಪದ ಪಶ್ಚಿಮ ಭಾಗದ ಅಯಮಾರು ಕೆರೆಗಳ ಕಡೆಯ ಮೀನು, ಅರ್ಧ ಮೈ ನೀಲಿ, ಅರ್ಧ ಕಿತ್ತಳೆ. ಅದಕ್ಕೆ ಗಡಸು ನೀರು ಹಿತ. ನಮ್ಮ ನೀರನ್ನು ದಿನಾ ಗಡಸು ಮಾಡುತ್ತಾ ಕೂರುವುದು ಬೇಡ ಅಂತ ಬಿಟ್ಟೆ. ಸೆವೆರಮ್ ಅಮೆಜಾನ್ ಕಡೆಯದು, ಅದಕ್ಕೆ ಮೆದು ನೀರೇ ಸರಿ.

ಕೊನೆಗೆ ಉಳಿದದ್ದು ಉಷ್ಣತೆಯ ಲೆಕ್ಕ. ಮಳೆಗಾಲದಲ್ಲಿ ಹೀಟರ್ ಇಲ್ಲದಿದ್ದರೆ ನಮ್ಮ ಟ್ಯಾಂಕಿನ ನೀರು 20 ಡಿಗ್ರಿಗೆ ಇಳಿಯುತ್ತದೆ. ಸೆವೆರಮ್‌ಗೆ 25ರ ಆಸುಪಾಸು ಬೇಕು. 25ರಲ್ಲೂ ಸುಖವಾಗಿದ್ದು, ಕರೆಂಟ್ ಹೋಗಿ 20ಕ್ಕೆ ಇಳಿದರೂ ತಡೆದುಕೊಳ್ಳುವ ಮೀನು ಯಾವುದು? ಉತ್ತರ ಮನೆ ಕೆಳಗಿನ ತೋಡಿನಲ್ಲೇ ಇತ್ತು. ನಮ್ಮ ಘಟ್ಟದ ಮೀನು.

ಹಾಗಂತ ತೋಡಿನಿಂದ ಹಿಡಿದು ತರಲಿಲ್ಲ. ಕಾಡಿನ ಮೀನಿನ ಜೊತೆ ಪರೋಪಜೀವಿ ಬರುತ್ತವೆ, ಅದೊಂದು ಕಾರಣ. ತೋಡಿನ ಮೀನು ತೋಡಿನದೇ ಅನ್ನುವುದು ಇನ್ನೊಂದು, ನನಗೆ ಅದೇ ದೊಡ್ಡದು. ಮೈಸೂರಿನ ಅಂಗಡಿಯೊಂದರಲ್ಲಿ ಜೈಂಟ್ ಡ್ಯಾನಿಯೋ ಹೆಸರಿನಲ್ಲಿ ಅದೇ ಬಳಗದ ಹತ್ತು ಮೀನು ಕೊಂಡೆ. ಕೊಳ್ಳುವ ಮೊದಲು ಗಾಜಿನ ಮುಂದೆ ಹತ್ತು ನಿಮಿಷ ನಿಂತೆ. ಕೈ ಹತ್ತಿರ ತಂದಾಗ ಓಡಿಹೋಗುತ್ತವಾ, ತಿನ್ನಲು ಸಿಗುತ್ತೆ ಅಂತ ಮುಂದೆ ಬರುತ್ತವಾ, ಅಷ್ಟೇ ನೋಡಿದೆ. ಮುಂದೆ ಬಂದವು. ಆರಕ್ಕಿಂತ ಕಡಿಮೆ ತರಬೇಡಿ, ಸಣ್ಣ ಗುಂಪಾದರೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು 120 ಕಿಲೋಮೀಟರ್ ತಂದೆ, ಒಂದೂ ಸಾಯಲಿಲ್ಲ. ಮೂರು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿಟ್ಟೆ. ಇದನ್ನು ಮಾತ್ರ ಬಿಡಬೇಡಿ. ಬಿಳಿ ಚುಕ್ಕೆ ರೋಗ ದೊಡ್ಡ ಟ್ಯಾಂಕಿಗೆ ಬಂದರೆ ಔಷಧಿ ಹಾಕುವುದೂ ಕಷ್ಟ, ಲೋಚ್‌ಗಳಿಗೆ ಔಷಧಿ ಬೇಗ ಹೆಚ್ಚಾಗಿಬಿಡುತ್ತದೆ.

ಸಂಜೆ, ಸೆವೆರಮ್‌ಗಳಿಗೆ ಊಟ ಹಾಕಿ, ದೀಪ ಆರಿಸಿ, ಡ್ಯಾನಿಯೋಗಳನ್ನು ಬಿಟ್ಟೆ. ಬೆಳಿಗ್ಗೆ ನೋಡಿದರೆ ಹತ್ತೂ ಮುಂದಿನ ಗಾಜಿನ ಹತ್ತಿರ, ಫಿಲ್ಟರ್ ನೀರು ಬೀಳುವ ಕಡೆ ಸೆಳೆತಕ್ಕೆ ಎದುರಾಗಿ ಈಜುತ್ತಿದ್ದವು. ಸೆವೆರಮ್‌ಗಳ ಸುಳಿವಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ನೆಲದ ಮೇಲೆ ಕೂತು ಕಾದೆ. ಬೊಡ್ಡೆಯ ಸಂದಿಯಲ್ಲಿ ದೊಡ್ಡ ಸೆವೆರಮ್‌ನ ಮೂತಿ ಕಂಡಿತು. ಮೈ ಅಲುಗಲಿಲ್ಲ, ಕಣ್ಣು ಮಾತ್ರ ತಿರುಗುತ್ತಿತ್ತು. ಡ್ಯಾನಿಯೋಗಳು ಎಡಕ್ಕೆ ಹೋದರೆ ಕಣ್ಣು ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಒಂದೊಂದೇ ಕಾಳು ಮೇಲೆ ಹಾಕಿದೆ. ಮೊದಲನೆಯದು, ಎರಡನೆಯದು ಡ್ಯಾನಿಯೋ ಪಾಲಾಯಿತು. ಮೂರನೆಯದು ಕೈತಪ್ಪಿ ಕೆಳಗಿಳಿಯುತ್ತಿತ್ತು. ಸೆವೆರಮ್ ಪೂರ್ತಿ ಮೈ ಹೊರಗೆ ತಂದು ಅದನ್ನು ಬಾಯಿಗೆ ಹಾಕಿಕೊಂಡಿತು. ವಾಪಸ್ ಓಡಲಿಲ್ಲ. ಅಲ್ಲೇ ನಿಂತಿತು. "ರೀ, ಬನ್ನಿ ಇಲ್ಲಿ, ಸದ್ದು ಮಾಡದೆ ಬನ್ನಿ" ಅಂತ ಪಿಸುಗುಟ್ಟಿ ಹೆಂಡತಿಯನ್ನು ಕರೆದೆ.

ಎರಡನೇ ವಾರಕ್ಕೆ ನಾಲ್ಕೂ ಹೊರಗೆ. ಲೋಚ್‌ಗಳು ಸಂಜೆ ಬೆಳಕಿರುವಾಗಲೇ ಬರತೊಡಗಿದವು.

ಹೊಸ ತೊಂದರೆ ಊಟದ್ದು. ಡ್ಯಾನಿಯೋ ಹೊಟ್ಟೆ ಬಿರಿಯುವಷ್ಟು ತಿನ್ನುತ್ತವೆ, ನಿಧಾನದವರಿಗೆ ಏನೂ ಉಳಿಸುವುದಿಲ್ಲ. ಈಗ ತೇಲುವ ಕಾಳನ್ನು ಎಡತುದಿಯಲ್ಲಿ ಹಾಕುತ್ತೇನೆ. ಎಲ್ಲವೂ ಅತ್ತ ನುಗ್ಗಿದಾಗ ಮುಳುಗುವ ಕಾಳನ್ನು ಬಲತುದಿಯಲ್ಲಿ, ಸೆವೆರಮ್ ಮುಂದೆ. ಲೋಚ್‌ಗಳ ಬಿಲ್ಲೆ ದೀಪ ಆರಿದ ಮೇಲೆ. ಇನ್ನೊಂದು, ಡ್ಯಾನಿಯೋ ಹಾರುತ್ತವೆ. ಫಿಲ್ಟರ್ ಪೈಪ್ ಹೋಗುವ ಕಡೆ ಮುಚ್ಚಳದಲ್ಲಿ ಮೂರು ಬೆರಳಷ್ಟು ಸಂದಿ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಮಗಳಿಗೆ ಸೋಫಾದ ಕೆಳಗೆ ಒಣಗಿದ ಮೀನು ಸಿಕ್ಕಿತು. ಅವಳು ಅತ್ತಳು. ಅವತ್ತೇ ಸಂದಿಗೆ ಜಾಲರಿ ಕಟ್ಟಿದೆ.

ಆರು ತಿಂಗಳ ಮೇಲೆ ಆರು ಮಿಸ್ ಕೇರಳ ಮೀನು ಸೇರಿಸಿದೆ. ಮೂತಿಯಿಂದ ಕಣ್ಣಿನ ಮೇಲೆ ಹಾದು ಅರ್ಧ ಮೈವರೆಗೆ ಕೆಂಪು ಗೆರೆ, ಅದರ ಕೆಳಗೆ ಬಾಲದ ತನಕ ಕಪ್ಪು ಗೆರೆ. 1865ರಲ್ಲಿ ಬ್ರಿಟಿಷ್ ಮೀನು ತಜ್ಞ ಫ್ರಾನ್ಸಿಸ್ ಡೇ ಇದನ್ನು ಗುರುತಿಸಿ, ಆಗಿನ ಮದ್ರಾಸ್ ಗವರ್ನರ್ ಡೆನಿಸನ್ ಹೆಸರಿಟ್ಟ. ಹೆಸರು ಕೇರಳದ್ದಾದರೂ ಇದು ಇರುವ ಚಂದ್ರಗಿರಿ, ವಳಪಟ್ಟಣಂ ಹೊಳೆಗಳು ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ನಮ್ಮ ಬರಪೊಳೆಯೇ ಕೆಳಗಿಳಿದು ವಳಪಟ್ಟಣಂ ಸೇರುವುದು. ಅಕ್ವೇರಿಯಂಗಾಗಿ ಹಿಡಿದು ಹಿಡಿದು ಹೊಳೆಗಳಲ್ಲಿ ಕಡಿಮೆಯಾಗಿದೆ, ಅಳಿವಿನಂಚಿನ ಪಟ್ಟಿಯಲ್ಲಿದೆ. ಅದಕ್ಕೇ ಸಾಕಿ ಮರಿ ಮಾಡಿಸಿದ್ದು ಮಾತ್ರ ಕೊಡಿ ಅಂತ ಕೇಳಿ, ಎರಡು ತಿಂಗಳು ಕಾದು ತಂದೆ. ಎಲ್ಲವೂ ಒಂದೇ ಅಳತೆಯ ಎರಡಿಂಚು ಮರಿಗಳು. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಬಡಕಲು ಅಂತಿದ್ದರೆ ಹೊಳೆಯದೇ ಅಂತ ಅನುಮಾನ ಪಡಿ. ಬೆಳೆದರೆ ಅರ್ಧ ಅಡಿ ಆಗುತ್ತವೆ, ಈಜಲು ಉದ್ದ ಜಾಗ ಬೇಕು. ನಾಲ್ಕಡಿಗಿಂತ ಚಿಕ್ಕ ಟ್ಯಾಂಕಿಗೆ ದಯವಿಟ್ಟು ಬೇಡ.

ಕಳೆದ ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಬ್ಯಾಟರಿಯ ಏರ್ ಪಂಪ್ ಹಾಕಿದೆ, ಟ್ಯಾಂಕಿಗೆ ಕಂಬಳಿ ಹೊದಿಸಿದೆ, ಊಟ ನಿಲ್ಲಿಸಿದೆ. ನೀರು 21ಕ್ಕೆ ಇಳಿಯಿತು. ಸೆವೆರಮ್ ಮಂಕಾಗಿ ತಳದಲ್ಲಿ ನಿಂತವು. ಕಂಬಳಿ ಸರಿಸಿ ಟಾರ್ಚ್ ಬಿಟ್ಟರೆ ಘಟ್ಟದ ಮೀನುಗಳು ಮಾತ್ರ ಏರ್ ಪಂಪಿನ ಗುಳ್ಳೆಗಳ ಸುತ್ತ ಆಡುತ್ತಲೇ ಇದ್ದವು.

ಈ ಬೇಸಿಗೆಯಲ್ಲಿ ಸೆವೆರಮ್ ಜೋಡಿಯೊಂದು ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿತು, ಟ್ಯಾಂಕಿನ ಮುಂಭಾಗದಲ್ಲೇ, ಎಲ್ಲರಿಗೂ ಕಾಣುವ ಹಾಗೆ. ಒಂದು ರೆಕ್ಕೆ ಬೀಸಿ ಮೊಟ್ಟೆಗೆ ನೀರಾಡಿಸುತ್ತಿತ್ತು. ಇನ್ನೊಂದು ಹತ್ತಿರ ಬಂದ ಡ್ಯಾನಿಯೋಗಳನ್ನು ಅಟ್ಟುತ್ತಿತ್ತು, ಅವು ಚಂಗನೆ ತಪ್ಪಿಸಿಕೊಂಡು ಮತ್ತೆ ಮೇಲೆ ಸೇರುತ್ತಿದ್ದವು. ಮಾವ ಬಂದಿದ್ದರು. ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಕಾಫಿ ತಣ್ಣಗಾಯಿತು.